ಕೆಡವುವ ಮೊದಲು ತಾರಸಿ ಹತ್ತಿ ನೋಡಿ

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದದ್ದು 2012ರ ಆಗಸ್ಟ್‌ನಲ್ಲಿ. ನಾಲ್ಕು ಜೀವ ಹೋಯಿತು. ಅಲ್ಲಿಂದ ಕೂಗಳತೆಯಲ್ಲಿರುವ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲಿನ ಭಾಗ ಕುಸಿದದ್ದು 2016ರ ಆಗಸ್ಟ್‌ನಲ್ಲಿ. ಅಂದು ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಎರಡೂ ಅವಘಡ ಆದದ್ದು ಆಗಸ್ಟ್‌ನಲ್ಲಿ, ಮಳೆಗಾಲದ ನಡುವೆ. ಈ ಒಂದು ಸಂಗತಿ ನಮ್ಮ ಚರ್ಚೆಗಳಲ್ಲಿ ಸುಳಿಯುವುದೇ ಇಲ್ಲ. ಕಟ್ಟಡಕ್ಕೆ ನೂರು ವರ್ಷ ದಾಟಿದೆ, ಆಯಸ್ಸು ಮುಗಿದಿದೆ, ಕೆಡವಿ ಹೊಸದು ಕಟ್ಟೋಣ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಆಯಸ್ಸು ಮುಗಿದು ಬೀಳುವ ಗೋಡೆ ಬೇಸಿಗೆಯಲ್ಲಿಯೂ ಬೀಳಬೇಕಲ್ಲ? ಇವನ್ನು ಬೀಳಿಸಿದ್ದು ನೀರು ಎಂದು ತಿಂಗಳೇ ಹೇಳುತ್ತಿದೆ. ನೀರು ಒಳಗೆ ಇಳಿಯುವುದು ತಾರಸಿ ಸೋರಿದಾಗ, ದೋಣಿ ಕಟ್ಟಿಕೊಂಡಾಗ, ಕೊಳವೆ ಒಡೆದಾಗ. ಇದರಲ್ಲಿ ಯಾವುದೂ ಒಂದು ರಾತ್ರಿಯಲ್ಲಿ ಆಗುವುದಿಲ್ಲ. ಹತ್ತಾರು ವರ್ಷ ಯಾರೂ ಏಣಿ ಹಾಕಿ ಮೇಲೆ ಹತ್ತದಿದ್ದರೆ ಆಗುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ನಮ್ಮ ಊರುಗಳ ನಡುಪೇಟೆಯಲ್ಲಿರುವ ಹಳೆಯ ಕಟ್ಟಡಗಳು ಮುಪ್ಪಿನಿಂದ ಸಾಯುತ್ತಿಲ್ಲ. ಆರೈಕೆ ತಪ್ಪಿ, ಅದಕ್ಕಿಂತ ಹೆಚ್ಚಾಗಿ ತಪ್ಪು ಆರೈಕೆ ಸಿಕ್ಕಿ ಸಾಯುತ್ತಿವೆ. ಕಾರಣವನ್ನು ಸರಿಯಾಗಿ ಗುರುತಿಸಿದರೆ ಪರಿಹಾರವೂ ಬೇರೆಯಾಗುತ್ತದೆ.

ಮೊದಲು ಈ ಎರಡು ಕಟ್ಟಡಗಳ ಬಗ್ಗೆ ಸ್ವಲ್ಪ. ಲ್ಯಾನ್ಸ್‌ಡೌನ್ ಕಟ್ಟಿದ್ದು 1892ರಲ್ಲಿ, ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ. ಜಗನ್ಮೋಹನ ಅರಮನೆಯ ಆಸುಪಾಸಿನಲ್ಲಿ, ಉದ್ದಕ್ಕೆ ಸಾಲು ಕಮಾನುಗಳಿಟ್ಟುಕೊಂಡು ನಿಂತ ಮಳಿಗೆಗಳ ಕಟ್ಟಡ ಅದು. ಮೈಸೂರಿನಲ್ಲಿ ಓದಿದ ಒಂದೆರಡು ತಲೆಮಾರಿನವರಿಗೆ ಅದು ಹಳೆ ಪುಸ್ತಕದ ಅಂಗಡಿಗಳ ಜಾಗ. ಪಠ್ಯಪುಸ್ತಕ ಕೊಂಡು, ವರ್ಷ ಮುಗಿದ ಮೇಲೆ ಅಲ್ಲೇ ಮಾರಿ, ಆ ದುಡ್ಡಿಗೆ ಮುಂದಿನ ತರಗತಿಯದ್ದು ತಂದವರು ಸಾವಿರಾರು ಮಂದಿ. ದೇವರಾಜ ಮಾರುಕಟ್ಟೆಯಂತೂ ಮೂರು ಎಕರೆಗೂ ಮಿಗಿಲಾದ ಜಾಗದಲ್ಲಿ ಎಂಟು ನೂರರಷ್ಟು ಮಳಿಗೆಗಳನ್ನು ಇಟ್ಟುಕೊಂಡಿರುವ ಸಂತೆ. ಒಂದು ಬದಿ ಧನ್ವಂತರಿ ರಸ್ತೆ, ಒಂದು ಬದಿ ಸಯ್ಯಾಜಿರಾವ್ ರಸ್ತೆ, ಇನ್ನೊಂದು ಬದಿಗೆ ಚಿಕ್ಕಗಡಿಯಾರ. ಒಳಗೆ ಹೂವಿನ ಸಾಲು ಬೇರೆ, ವೀಳ್ಯದೆಲೆಯ ಸಾಲು ಬೇರೆ, ಬಾಳೆಹಣ್ಣಿನದು ಬೇರೆ, ಕುಂಕುಮ-ಅರಿಶಿನದ್ದು ಬೇರೆ. ದಸರೆಯ ಜಂಬೂಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಹೋಗುವುದೂ ಈ ಮಾರುಕಟ್ಟೆಯ ಗೋಡೆ ಪಕ್ಕದಲ್ಲೇ.

ಕುಸಿತದ ಮೇಲೆ ನಡೆದದ್ದು ಎಲ್ಲರಿಗೂ ಗೊತ್ತಿರುವ ಕತೆ. ಸರ್ಕಾರದ ಕಡೆಯ ತಜ್ಞರು ಕೆಡವಿ ಕಟ್ಟುವುದೇ ಸರಿ ಎಂದರು. ಪರಂಪರೆ ಸಂರಕ್ಷಣೆಯಲ್ಲಿ ತೊಡಗಿರುವ ಇನ್‌ಟ್ಯಾಕ್ ಮತ್ತು ಮೈಸೂರಿನ ಪರಂಪರೆ ಆಸಕ್ತರು ದುರಸ್ತಿ ಸಾಧ್ಯ ಎಂದರು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ವರ್ಷಗಟ್ಟಲೆ ವಾದ ನಡೆದು, ಕೊನೆಗೆ ನ್ಯಾಯಾಲಯ ಕೆಡವುವ ನಿರ್ಧಾರಕ್ಕೆ ಅಡ್ಡಿ ಮಾಡಲಿಲ್ಲ. ಕಾನೂನಿನ ದಾರಿಯಲ್ಲಿ ಬಂದ ತೀರ್ಮಾನಕ್ಕೆ ನಾನು ತಲೆಬಾಗುತ್ತೇನೆ. ಆದರೆ ಕೆಡವಲು ಅನುಮತಿ ಇದೆ ಎಂದ ಮಾತ್ರಕ್ಕೆ ಕೆಡವಲೇಬೇಕು ಎಂದಾಗುವುದಿಲ್ಲ. ಕಟ್ಟಡದ ಒಡೆತನ ಊರಿನದು. ಊರಿನವರು ಮನಸ್ಸು ಬದಲಿಸಲು ಯಾವ ಆದೇಶವೂ ಅಡ್ಡ ಬರುವುದಿಲ್ಲ.

ಈಗ ಕಟ್ಟಡ ಕೆಡುವ ಬಗೆಯನ್ನು ನೋಡೋಣ. ಇದು ತಿಳಿಯದೆ ಮುಂದಿನ ಮಾತು ಆಡಿ ಪ್ರಯೋಜನವಿಲ್ಲ.

ಆ ಕಾಲದ ಗೋಡೆಗಳಲ್ಲಿ ಸಿಮೆಂಟ್ ಇಲ್ಲ. ಸುಟ್ಟ ಇಟ್ಟಿಗೆ, ಸುಣ್ಣ, ಮರಳು, ಇಟ್ಟಿಗೆ ಪುಡಿಯ ಸುರ್ಕಿ. ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ, ನೆನೆಯಲು ಬಿಟ್ಟು, ಆಮೇಲೆ ಎತ್ತು ಕಟ್ಟಿದ ಕಲ್ಲುಚಕ್ರದ ಗಾಣದಲ್ಲಿ ಅರೆದು ಗಾರೆ ಮಾಡುತ್ತಿದ್ದರು. ಗಟ್ಟಿಯಾಗಲೆಂದು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವ ರೂಢಿಯೂ ಇತ್ತು. ಹೀಗೆ ಕಟ್ಟಿದ ಗೋಡೆಯ ಗುಣವೇ ಬೇರೆ. ಅದು ನೀರನ್ನು ಪೂರ್ತಿ ತಡೆಯುವುದಿಲ್ಲ. ಮಳೆ ಬಂದಾಗ ಅಷ್ಟು ಹೀರಿಕೊಂಡು, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ನೆಲದಿಂದ ಏರುವ ಪಸೆಯನ್ನೂ ಹೀಗೆಯೇ ಗಾಳಿಗೆ ಕಳಿಸುತ್ತದೆ. ಅಡಿಪಾಯ ಸ್ವಲ್ಪ ಅಲುಗಿದರೂ ಸುಣ್ಣದ ಗಾರೆ ಒಂದಿಷ್ಟು ಬಾಗುತ್ತದೆ, ಕೂದಲೆಳೆಯ ಬಿರುಕು ಬಂದರೆ ಎಷ್ಟೋ ಸಲ ಅದೇ ಸುಣ್ಣ ಕರಗಿ ಹರಿದು ಬಿರುಕು ಮುಚ್ಚಿಕೊಳ್ಳುತ್ತದೆ.

ಅಂಥ ಗೋಡೆಗೆ ನಾವು ಮಾಡಿದ್ದೇನು? ಗಾರೆ ಉದುರಿದ ಕಡೆಯೆಲ್ಲ ಸಿಮೆಂಟ್ ಮೆತ್ತಿದೆವು. ಮೇಲೆ ಹೊಳಪಿನ ಬಣ್ಣ ಬಳಿದೆವು. ನೋಡಲು ಹೊಸದಾಗಿ ಕಂಡಿತು, ಗುತ್ತಿಗೆದಾರರಿಗೆ ಬಿಲ್ಲೂ ಆಯಿತು. ಗೋಡೆಯ ಒಳಗೆ ಸೇರಿದ ನೀರಿಗೆ ಮಾತ್ರ ಹೊರಬರುವ ದಾರಿ ಮುಚ್ಚಿಹೋಯಿತು. ಆ ನೀರು ಸಿಮೆಂಟಿನ ಹಿಂದೆ ನಿಂತು, ಇಟ್ಟಿಗೆಯೊಳಗಿನ ಉಪ್ಪನ್ನು ಕರಗಿಸಿ, ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ಗೋಡೆಯನ್ನು ತಟ್ಟಿದರೆ ಟೊಳ್ಳು ಸದ್ದು ಬರುವುದು ಇದಕ್ಕೇ.

ತಾರಸಿಯದು ಇನ್ನೊಂದು ಕತೆ. ಆ ಕಾಲದಲ್ಲಿ ಬಳಕೆಯಲ್ಲಿದ್ದದ್ದು ಮದ್ರಾಸ್ ತಾರಸಿ. ತೇಗದ ಜಂತೆಗಳ ಮೇಲೆ ಸಣ್ಣ ತೆಳು ಇಟ್ಟಿಗೆಗಳನ್ನು ನಿಲ್ಲಿಸಿ ಗಾರೆಯಲ್ಲಿ ಕೂರಿಸಿ, ಅದರ ಮೇಲೆ ಇಟ್ಟಿಗೆ ಚೂರು-ಸುಣ್ಣದ ಗಚ್ಚು ಹಾಕಿ, ವಾರಗಟ್ಟಲೆ ಬಡಿದು, ಮೇಲೆ ಚಪ್ಪಟೆ ಹೆಂಚು ಹಾಸುವ ವಿಧಾನ. ಚೆನ್ನಾಗಿ ಮಾಡಿದ್ದು ನೂರು ವರ್ಷ ಬಾಳುತ್ತದೆ, ಬಾಳಿದೆ ಕೂಡ. ಅದಕ್ಕೆ ಬೇಕಾದದ್ದು ಎರಡೇ. ನೀರು ನಿಲ್ಲದ ಇಳಿಜಾರು, ಮತ್ತು ವರ್ಷಕ್ಕೊಮ್ಮೆ ಹೆಂಚಿನ ಸಂದು ನೋಡಿ ತೇಪೆ ಹಾಕುವ ಕೈ. ನಾವು ಸೋರುವ ಜಾಗದ ಮೇಲೆ ಒಂದು ಪದರ ಕಾಂಕ್ರೀಟ್ ಸುರಿದೆವು. ಮತ್ತೆ ಸೋರಿತು, ಇನ್ನೊಂದು ಪದರ ಸುರಿದೆವು. ಜಂತೆಯ ತುದಿ ಗೋಡೆಯೊಳಗೆ ಒದ್ದೆಯಾಗಿ ಕೊಳೆಯುತ್ತಿದ್ದರೆ ಮೇಲಿನ ಭಾರ ವರ್ಷದಿಂದ ವರ್ಷಕ್ಕೆ ಏರಿತು. ಅದರ ಮೇಲೆ ಸಿಂಟೆಕ್ಸ್ ಟ್ಯಾಂಕು ಬಂತು, ಫಲಕದ ಕಬ್ಬಿಣದ ಚೌಕಟ್ಟು ಬಂತು, ಒಳಗೆ ಸರಕು ಇಡಲು ಅಟ್ಟ ಬಂತು, ಎರಡು ಮಳಿಗೆ ಸೇರಿಸಲು ನಡುಗೋಡೆ ಒಡೆಯುವ ಕೆಲಸವೂ ಸದ್ದಿಲ್ಲದೆ ನಡೆಯಿತು. ದೋಣಿಯ ಮೂಲೆಯಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಮೊಳೆತಾಗ ಕಿತ್ತೆಸೆಯಲು ಒಂದು ಗಳಿಗೆ ಸಾಕಿತ್ತು. ಅದು ಬೇರೂರಿ ಇಟ್ಟಿಗೆ ಸೀಳಿದ ಮೇಲೆ ಗೋಡೆ ಬಿಚ್ಚಿಯೇ ತೆಗೆಯಬೇಕು.

ಹೀಗೆ ಹಾಳಾದ ಕಟ್ಟಡವನ್ನು ಪರೀಕ್ಷಿಸಲು ಬರುವವರು ಕಲಿತದ್ದು ಕಾಂಕ್ರೀಟ್. ನಮ್ಮ ಸಿವಿಲ್ ಎಂಜಿನಿಯರಿಂಗ್ ಪಠ್ಯದಲ್ಲಿ ಸುಣ್ಣದ ಗಾರೆಗೆ ಇರುವ ಜಾಗ ಬಹಳ ಕಡಿಮೆ. ಕಾಂಕ್ರೀಟಿನ ಬಲ ಅಳೆಯುವ ಸುತ್ತಿಗೆ, ಕಾಂಕ್ರೀಟಿನ ಕೋಷ್ಟಕ ಹಿಡಿದು ಗಾರೆ ಗೋಡೆಯನ್ನು ಅಳೆದರೆ ಅದು ನಪಾಸಾಗುವುದು ಖಚಿತ. ಅದು ಪಾಸಾಗಬೇಕಾದ ಪರೀಕ್ಷೆಯೇ ಬೇರೆ. ಎಂಜಿನಿಯರುಗಳ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಅಪಾಯ ಇದೆ ಎಂದು ಅನ್ನಿಸಿದಾಗ ಸಹಿ ಹಾಕುವವರು ಹೆದರುವುದು ಸಹಜ. ಹಾಗೆಂದೇ ಇಂಥ ಕಟ್ಟಡದ ಹಣೆಬರಹ ಬರೆಯುವ ಸಮಿತಿಯಲ್ಲಿ ಸುಣ್ಣದ ಕಟ್ಟಡವನ್ನು ಕೈಯಾರೆ ದುರಸ್ತಿ ಮಾಡಿದ ಒಬ್ಬರಾದರೂ ಇರಬೇಕು.

ಜೀವದ ಪ್ರಶ್ನೆಗೆ ಬರೋಣ. ನಾಲ್ವರು ಸತ್ತಿದ್ದಾರೆ. ಅವರ ಮನೆಯವರ ಮುಂದೆ ನಿಂತು ಪರಂಪರೆ, ಕಮಾನು, ಸೊಬಗು ಎಂದು ಮಾತನಾಡಲು ಯಾರಿಗೂ ಬಾಯಿ ಬರಬಾರದು. ಅಪಾಯದ ಕಟ್ಟಡದಲ್ಲಿ ಜನರನ್ನು ಕೂರಿಸಿಕೊಂಡು ಉಳಿಸಿ ಎನ್ನುವುದು ಹೊಣೆಗೇಡಿತನ. ಖಾಲಿ ಮಾಡಿಸಲೇಬೇಕು, ಬೇಲಿ ಹಾಕಲೇಬೇಕು, ಆಸರೆ ಕಂಬ ಕೊಡಲೇಬೇಕು. ನನ್ನ ತಕರಾರು ಇರುವುದು ಅದರ ಮುಂದಿನ ಹೆಜ್ಜೆಗೆ. ಸಾಲು ಕಮಾನಿನ ಕಟ್ಟಡ ಒಂದೇ ತುಂಡಲ್ಲ, ಅಂಕಣ ಅಂಕಣವಾಗಿ ಕಟ್ಟಿದ್ದು. ಒಂದು ಅಂಕಣ ಕುಸಿದರೆ ಪಕ್ಕದ್ದು ಹೇಗಿದೆ, ಅದರ ಪಕ್ಕದ್ದು ಹೇಗಿದೆ ಎಂದು ಒಂದೊಂದನ್ನೇ ನೋಡಬೇಕು. ಕೆಲವನ್ನು ಬಿಚ್ಚಿ ಅದೇ ಇಟ್ಟಿಗೆಯಲ್ಲಿ ಮತ್ತೆ ಕಟ್ಟಬೇಕಾಗಬಹುದು. ಕೆಲವಕ್ಕೆ ಬಿರುಕಿನೊಳಗೆ ಸುಣ್ಣದ ಹಾಲು ಊಡಿಸಿ, ತುಕ್ಕು ಹಿಡಿಯದ ಉಕ್ಕಿನ ಸರಳಿನಿಂದ ಹೊಲಿದರೆ ಸಾಕು. ಕೊಳೆತ ಜಂತೆ ತೆಗೆದು ಹೊಸ ಜಂತೆ ಕೂರಿಸಬೇಕು. ಮೇಲಿನ ಕಾಂಕ್ರೀಟ್ ಪದರಗಳನ್ನು ಒಡೆದು ಇಳಿಸಬೇಕು. ಇದಾವುದೂ ಹೊಸ ವಿದ್ಯೆಯಲ್ಲ. ಆದರೆ ಎಲ್ಲವನ್ನೂ ಒಟ್ಟಿಗೆ ಶಿಥಿಲ ಎಂದು ಬರೆದುಬಿಟ್ಟರೆ ಗಟ್ಟಿಯಾಗಿರುವ ಅಂಕಣಗಳೂ ಕೆಟ್ಟದ್ದರ ಜೊತೆಗೆ ಹೋಗುತ್ತವೆ. ಇನ್ನೊಂದು ಮಾತು. 2016ರಲ್ಲಿ ಮಾರುಕಟ್ಟೆಯ ಭಾಗ ಕುಸಿದಾಗ ಅಲ್ಲಿ ನವೀಕರಣದ ಕೆಲಸ ನಡೆಯುತ್ತಿತ್ತು. ದುರಸ್ತಿ ಎಂಬ ಹೆಸರಿನಲ್ಲಿ ಆಗುವ ಕೆಲಸವೇ ಎಷ್ಟು ಅಪಾಯ ತರಬಲ್ಲದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಹಾಗಾಗಿ ಕೇಳಬೇಕಾದ್ದು ದುರಸ್ತಿಯನ್ನು ಯಾರು ಮಾಡಬೇಕು, ಯಾವ ಸಾಮಗ್ರಿಯಲ್ಲಿ ಮಾಡಬೇಕು ಎಂದು.

ಕೆಡವಿದರೂ ಅದೇ ಶೈಲಿಯಲ್ಲಿ ಕಟ್ಟಿಕೊಡುತ್ತೇವೆ ಎಂಬ ಭರವಸೆ ಬಹಳ ಜನರ ಮನಸ್ಸನ್ನು ಒಲಿಸಿದೆ. ನೋಡಲು ಹಾಗೇ ಇರುತ್ತದೆ, ಗಟ್ಟಿಯಾಗಿಯೂ ಇರುತ್ತದೆ, ಕೆಳಗೆ ವಾಹನ ನಿಲ್ಲಿಸಲು ಜಾಗವೂ ಸಿಗುತ್ತದೆ ಎಂದರೆ ಬೇಡ ಎನ್ನುವವರು ಯಾರು? ಆದರೆ ಯೋಚಿಸಿ. ಕಾಂಕ್ರೀಟ್ ಕಂಬ-ತೊಲೆಯ ಚೌಕಟ್ಟಿನ ಮುಂದೆ ಕಮಾನಿನ ಆಕಾರ ಅಂಟಿಸಿದರೆ ಆ ಕಮಾನು ಯಾವ ಭಾರವನ್ನೂ ಹೊರುವುದಿಲ್ಲ. ಬಲವರ್ಧಿತ ಕಾಂಕ್ರೀಟ್ ಕಟ್ಟಡಗಳನ್ನು ಸಾಮಾನ್ಯವಾಗಿ ಐವತ್ತು-ಅರವತ್ತು ವರ್ಷದ ಲೆಕ್ಕದಲ್ಲಿ ಕಟ್ಟುತ್ತಾರೆ. ಒಳಗಿನ ಕಬ್ಬಿಣಕ್ಕೆ ನೀರು ತಗುಲಿದರೆ ಅದಕ್ಕೂ ಮೊದಲೇ ತುಕ್ಕು ಹಿಡಿದು ಕಾಂಕ್ರೀಟ್ ಸೀಳುತ್ತದೆ. ತಾರಸಿ ಹತ್ತಿ ನೋಡುವ ಅಭ್ಯಾಸ ನಮಗಿಲ್ಲ ಎಂದಾದರೆ ಹೊಸ ಕಟ್ಟಡವೂ ಇದೇ ದಾರಿ ಹಿಡಿಯುತ್ತದೆ, ಇನ್ನೂ ಬೇಗ ಹಿಡಿಯುತ್ತದೆ. 1970-80ರ ದಶಕದಲ್ಲಿ ಕಟ್ಟಿದ ಎಷ್ಟು ಸರ್ಕಾರಿ ವಾಣಿಜ್ಯ ಸಂಕೀರ್ಣಗಳ ಛಾವಣಿಯಿಂದ ಇಂದು ಕಾಂಕ್ರೀಟ್ ಹಳಕು ಉದುರಿ ಕಂಬಿ ಕಾಣುತ್ತಿದೆ ಎಂಬುದನ್ನು ನಿಮ್ಮ ಊರಿನ ಬಸ್ ನಿಲ್ದಾಣದ ಸುತ್ತಲೇ ನೋಡಬಹುದು.

ಮಾರುಕಟ್ಟೆಯ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ದೇವರಾಜ ಮಾರುಕಟ್ಟೆ ನೆಲಮಟ್ಟದ ಸಂತೆ. ಒಂದು ಬಾಗಿಲಲ್ಲಿ ಹೊಕ್ಕವರು ಹೂವು ಕೊಂಡು, ಹಣ್ಣು ನೋಡಿ, ಎಲೆ-ಅಡಿಕೆ ತಗೊಂಡು ಇನ್ನೊಂದು ಬಾಗಿಲಲ್ಲಿ ಹೊರಬರುತ್ತಾರೆ. ಎಲ್ಲ ಅಂಗಡಿಗೂ ಕಾಲುದಾರಿಯ ವ್ಯಾಪಾರ ಸಿಗುವುದು ಹೀಗೆ. ಮಹಡಿ ಮೇಲೆ ಮಹಡಿ ಕಟ್ಟಿ ತರಕಾರಿಯನ್ನು ಎರಡನೇ ಅಂತಸ್ತಿಗೆ ಕಳಿಸಿದರೆ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ. ಒಂದು ಕಟ್ಟು ಸೊಪ್ಪಿಗಾಗಿ ಯಾರು ತಾನೇ ಹತ್ತಿಯಾರು? ಮಹಡಿ ಮಾರುಕಟ್ಟೆ ಕಟ್ಟಿದ ಊರುಗಳಲ್ಲಿ ಮೇಲಿನ ಮಳಿಗೆಗಳು ಬಾಗಿಲು ಹಾಕಿಕೊಂಡಿರುವುದನ್ನೂ, ವ್ಯಾಪಾರವೆಲ್ಲ ಕೆಳಗಿಳಿದು ರಸ್ತೆ ಬದಿಗೆ ಬಂದು ಕೂತಿರುವುದನ್ನೂ ನಾವು ನೋಡಿದ್ದೇವೆ.

ಪ್ಯಾರಿಸ್ ನಗರ ಈ ವಿಷಯದಲ್ಲಿ ದುಬಾರಿ ಪಾಠ ಕಲಿತಿದೆ. ಅದರ ಹೊಟ್ಟೆಭಾಗದಲ್ಲಿ ಲೇ ಆಲ್ ಎಂಬ ಮಾರುಕಟ್ಟೆ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ವಿಕ್ಟರ್ ಬಾಲ್ಟಾರ್ ಎಂಬ ವಾಸ್ತುಶಿಲ್ಪಿ ಕಬ್ಬಿಣ ಮತ್ತು ಗಾಜಿನಲ್ಲಿ ಕಟ್ಟಿದ ದೊಡ್ಡ ದೊಡ್ಡ ಮಂಟಪಗಳು. 1969ರಲ್ಲಿ ಸಗಟು ವ್ಯಾಪಾರವನ್ನು ಊರಾಚೆಯ ರಂಜಿಸ್‌ಗೆ ಸಾಗಿಸಿದರು. 1971ರಲ್ಲಿ ಜನ ಬೀದಿಗಿಳಿದು ವಿರೋಧಿಸಿದರೂ ಮಂಟಪಗಳನ್ನು ಕೆಡವತೊಡಗಿದರು. ಆಮೇಲೆ ವರ್ಷಗಟ್ಟಲೆ ಅಲ್ಲಿ ಉಳಿದದ್ದು ಬರೀ ಗುಂಡಿ. 1979ರಲ್ಲಿ ನೆಲದಡಿಯ ಮಾಲ್ ತೆರೆಯಿತು. ಅದೂ ಊರಿಗೆ ಒಗ್ಗದೆ, ಮತ್ತೆ ಅಪಾರ ಹಣ ಸುರಿದು ಬದಲಾಯಿಸಿ 2016ರಲ್ಲಿ ಹೊಸ ಮೇಲ್ಚಾವಣಿ ಹೊದಿಸಿದರು. ಬಾಲ್ಟಾರ್‌ನ ಒಂದು ಮಂಟಪವನ್ನು ಬಿಚ್ಚಿ ನಗರದ ಹೊರವಲಯದ ನೊಜಾಂ-ಸುರ್-ಮಾರ್ನ್‌ನಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಕಳೆದುಕೊಂಡದ್ದು ಎಂಥದ್ದು ಎಂದು ನೋಡಬೇಕಾದರೆ ಪ್ಯಾರಿಸ್‌ನವರು ಈಗ ಅಲ್ಲಿಗೆ ಹೋಗಬೇಕು.

ಲಂಡನ್ನಿನ ಕೋವೆಂಟ್ ಗಾರ್ಡನ್‌ನದು ಅದೇ ಕಾಲದ ಇನ್ನೊಂದು ಕತೆ. ಅಲ್ಲಿಯೂ ಸುತ್ತಲಿನ ಪ್ರದೇಶವನ್ನು ಕೆಡವಿ ರಸ್ತೆ, ಕಚೇರಿ, ಹೋಟೆಲು ಕಟ್ಟುವ ದೊಡ್ಡ ಯೋಜನೆ ಸಿದ್ಧವಾಗಿತ್ತು. ನಿವಾಸಿಗಳ ಹೋರಾಟದ ಫಲವಾಗಿ 1973ರಲ್ಲಿ ಸರ್ಕಾರ ಅಲ್ಲಿನ ಇನ್ನೂರೈವತ್ತರಷ್ಟು ಕಟ್ಟಡಗಳಿಗೆ ರಕ್ಷಣೆ ಘೋಷಿಸಿತು, ಯೋಜನೆ ಬಿದ್ದುಹೋಯಿತು. ಮರುವರ್ಷ ಹಣ್ಣು-ತರಕಾರಿ ಸಗಟು ಮಾರುಕಟ್ಟೆ ನೈನ್ ಎಲ್ಮ್ಸ್‌ಗೆ ಹೋಯಿತು. ಹಳೆಯ ಕಟ್ಟಡ ದುರಸ್ತಿಯಾಗಿ 1980ರಲ್ಲಿ ಮತ್ತೆ ತೆರೆಯಿತು. ಇದನ್ನು ಎಲ್ಲರೂ ಗೆಲುವಿನ ಕತೆಯಾಗಿ ಹೇಳುತ್ತಾರೆ, ಕಟ್ಟಡದ ಮಟ್ಟಿಗೆ ಅದು ಗೆಲುವೇ. ಆದರೆ ಒಳಗಿನ ಅಂಗಡಿಗಳು ಈಗ ಪ್ರವಾಸಿಗರಿಗಾಗಿ. ಮೈಸೂರಿಗೆ ಈ ಗೆಲುವೂ ಸಾಲದು ಎಂದೇ ನನಗೆ ಅನ್ನಿಸುತ್ತದೆ. ನಂಜನಗೂಡಿನ ಕಡೆಯಿಂದ ಬಾಳೆಗೊನೆ ತಂದಿಳಿಸುವವರು, ಮೊಳ ಲೆಕ್ಕದಲ್ಲಿ ಮಲ್ಲಿಗೆ ಅಳೆದು ಕೊಡುವವರು ಹೋಗಿ, ಅದೇ ಕಮಾನಿನ ಕೆಳಗೆ ದುಬಾರಿ ಕಾಫಿ ಮಾರುವ ಅಂಗಡಿ ಬಂದರೆ ಉಳಿದದ್ದು ಗೋಡೆ ಮಾತ್ರ.

ಹಳೆಯ ಕಟ್ಟಡ ಮತ್ತು ಸಣ್ಣ ವ್ಯಾಪಾರದ ಈ ನಂಟನ್ನು ಬಹಳ ಹಿಂದೆಯೇ ಸ್ಪಷ್ಟವಾಗಿ ಹೇಳಿದವರು ಜೇನ್ ಜೇಕಬ್ಸ್. ಅಮೆರಿಕದ ನಗರಗಳ ಅಳಿವು-ಉಳಿವಿನ ಬಗ್ಗೆ 1961ರಲ್ಲಿ ಅವರು ಬರೆದ ಪುಸ್ತಕದ ಮುಖ್ಯ ವಾದಗಳಲ್ಲಿ ಇದೂ ಒಂದು. ಹೊಸ ಕಟ್ಟಡಕ್ಕೆ ಹಾಕಿದ ಹಣ ಹಿಂದೆ ಬರಬೇಕಾದರೆ ಬಾಡಿಗೆ ಹೆಚ್ಚಿರಲೇಬೇಕು. ಹೆಚ್ಚು ಬಾಡಿಗೆ ಕೊಡಬಲ್ಲವರು ಬ್ಯಾಂಕು, ಚಿನ್ನದಂಗಡಿ, ದೊಡ್ಡ ಬ್ರಾಂಡುಗಳು. ಕಟ್ಟಿದ ಖರ್ಚು ಎಂದೋ ತೀರಿಹೋಗಿರುವ ಹಳೆಯ ಕಟ್ಟಡದಲ್ಲಿ ಮಾತ್ರ ಹಳೆ ಪುಸ್ತಕ ಮಾರುವವರು, ಗಡಿಯಾರ ರಿಪೇರಿಯವರು, ಕನ್ನಡಕದ ಗಾಜು ಕೂರಿಸುವವರು, ಹೊಸದಾಗಿ ಏನೋ ಶುರು ಮಾಡಿ ನೋಡುವವರು ಉಸಿರಾಡಬಲ್ಲರು. ಜೇಕಬ್ಸ್ ಬರೆದದ್ದು ನ್ಯೂಯಾರ್ಕಿನ ಬೀದಿಗಳನ್ನು ನೋಡಿ. ಲ್ಯಾನ್ಸ್‌ಡೌನ್‌ನ ಪುಸ್ತಕದಂಗಡಿಗಳು ಚದುರಿದ ಬಗೆ ನೋಡಿದರೆ ಅವರ ಮಾತು ನಮಗೂ ಅಷ್ಟೇ ಸಲ್ಲುತ್ತದೆ. ಅಂಗಡಿ ಬೇರೆ ಕಡೆ ಹೋಗಬಹುದು. ಒಂದೆಡೆ ಸೇರಿದ್ದರಿಂದ ಬರುತ್ತಿದ್ದ ಗಿರಾಕಿ ಅದರ ಹಿಂದೆ ಹೋಗುವುದಿಲ್ಲ. ಕೆಡವಿ ಕಟ್ಟುವಾಗ ವ್ಯಾಪಾರಿಗಳನ್ನು ತಾತ್ಕಾಲಿಕವಾಗಿ ಬೇರೆಡೆ ಕೂರಿಸುತ್ತೇವೆ ಎನ್ನುತ್ತಾರೆ. ಎರಡು ವರ್ಷ ಎಂದ ಕಾಮಗಾರಿ ಎಷ್ಟಕ್ಕೆ ಮುಗಿಯುತ್ತದೆ ಎಂಬುದು ವ್ಯಾಪಾರಿಗಳಿಗೂ ಗೊತ್ತು, ಪಾಲಿಕೆಗೂ ಗೊತ್ತು.

ಪರಿಸರದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇಕಡಾ 7ರಿಂದ 8ರಷ್ಟು ಪಾಲು ಸಿಮೆಂಟ್ ತಯಾರಿಕೆಯದು. ಸಿಮೆಂಟ್ ಕುಲುಮೆಗೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಸುಣ್ಣ ಸುಡಲು 900 ಡಿಗ್ರಿ ಸಾಕು. ಮೇಲಾಗಿ ಸುಣ್ಣದ ಗಾರೆ ಗಟ್ಟಿಯಾಗುತ್ತ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್‌ನ ಒಂದು ಪಾಲನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಈಗಾಗಲೇ ಸುಟ್ಟ ಇಟ್ಟಿಗೆ, ಈಗಾಗಲೇ ಕಡಿದ ತೇಗ ಎದುರಿಗೇ ನಿಂತಿರುವಾಗ ಅದನ್ನು ಲಾರಿಯಲ್ಲಿ ಊರಾಚೆ ಸುರಿದು ಹೊಸ ಸಿಮೆಂಟ್ ತರುವುದನ್ನು ಅಭಿವೃದ್ಧಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮಲ್ಲಿ ಉಳಿಸಿಕೊಂಡದ್ದೂ ಇದೆ, ಅದನ್ನು ಮರೆಯಬಾರದು. ಬೆಂಗಳೂರಿನ ಅಠಾರಾ ಕಚೇರಿ 1868ರಲ್ಲಿ ಮುಗಿದ ಕಟ್ಟಡ. 1980ರ ದಶಕದಲ್ಲಿ ಅದನ್ನೂ ಕೆಡವುವ ಯೋಚನೆ ನಡೆದಿತ್ತು. ನಾಗರಿಕರು ವಿರೋಧಿಸಿ ನ್ಯಾಯಾಲಯಕ್ಕೆ ಹೋದರು. ಇಂದು ವಿಧಾನಸೌಧದ ಎದುರು ಆ ಕೆಂಪು ಕಟ್ಟಡ ಇಲ್ಲದ ಬೆಂಗಳೂರನ್ನು ಊಹಿಸಲು ಆಗುತ್ತದೆಯೇ? ಹೈಕೋರ್ಟ್ ಇವತ್ತಿಗೂ ಅಲ್ಲಿಯೇ ಕಲಾಪ ನಡೆಸುತ್ತಿದೆ. ಅದೇ ನಗರದಲ್ಲಿ ಲಾಲ್‌ಬಾಗ್‌ನ ಕೃಂಬಿಗಲ್ ಸಭಾಂಗಣ ವರ್ಷಗಟ್ಟಲೆ ಪಾಳುಬಿದ್ದು 2017ರಲ್ಲಿ ನೆಲಸಮವಾಯಿತು. ಬೆಂಗಳೂರಿನ ಸಾಲುಮರಗಳಿಗೆ, ಉದ್ಯಾನಗಳಿಗೆ ರೂಪ ಕೊಟ್ಟ ಮನುಷ್ಯನ ಹೆಸರಿನ ಕಟ್ಟಡ ಅದು.

ಮೈಸೂರಿನದೇ ಜಯಲಕ್ಷ್ಮೀವಿಲಾಸ ಅರಮನೆ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ಉದಾಹರಣೆ. ಮಾನಸಗಂಗೋತ್ರಿಯ ದಿಬ್ಬದ ಮೇಲಿರುವ, 1905ರ ಈ ಅರಮನೆ ವಿಶ್ವವಿದ್ಯಾನಿಲಯದ ಕೈಸೇರಿ ಜಾನಪದ ವಸ್ತುಸಂಗ್ರಹಾಲಯವಾಯಿತು. ಸೋರಿ, ಕುಗ್ಗಿ ಹೋಗಿದ್ದ ಕಟ್ಟಡವನ್ನು ಈ ಶತಮಾನದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿ ಮಾಡಿದರು. ಕೆಲಸ ಚೆನ್ನಾಗಿ ಆಯಿತು, ಎಲ್ಲರೂ ಕೊಂಡಾಡಿದರು. ಆಮೇಲೆ ಪ್ರತಿ ವರ್ಷದ ನಿರ್ವಹಣೆಗೆ ಬೇಕಾದ ಹಣ, ಬೇಕಾದ ಗಮನ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಮತ್ತೆ ಸೋರಿಕೆ, ಮತ್ತೆ ಕೊಳೆತ ಮರ, ಮತ್ತೆ ಬೀಗ ಬಿದ್ದ ಕೋಣೆಗಳು. ದಾನಿಗಳ ದೊಡ್ಡ ಮೊತ್ತ ಒಂದು ಸಲ ಬಂದರೆ ಸಾಲದು. ಉದ್ಘಾಟನೆಯ ಮರುದಿನದಿಂದಲೇ ಏಣಿ, ಪೊರಕೆ, ಸುಣ್ಣದ ಬಾಂಡ್ಲಿ ಹಿಡಿದ ನಾಲ್ಕು ಜನ ಆ ಕಟ್ಟಡಕ್ಕೆ ಬೇಕಿತ್ತು.

ಆ ನಾಲ್ಕು ಜನರ ಸಂಬಳ ಎಲ್ಲಿಂದ? ಇಲ್ಲಿ ವ್ಯಾಪಾರಿಗಳಿಗೂ ಒಂದು ಮಾತು ಹೇಳಬೇಕು, ಕಹಿಯಾದರೂ ಸರಿ. ಪಾಲಿಕೆಯ ಹಳೆಯ ಮಳಿಗೆಗಳಿಗೆ ಎಷ್ಟೋ ಕಡೆ ಬರುತ್ತಿರುವ ಬಾಡಿಗೆ ಪಕ್ಕದ ಬೀದಿಯ ದರದ ಮುಂದೆ ಏನೇನೂ ಅಲ್ಲ. ಕೆಲವು ಕಡೆ ಮೂಲ ಬಾಡಿಗೆದಾರರು ಹೆಚ್ಚಿನ ಬಾಡಿಗೆಗೆ ಇನ್ನೊಬ್ಬರಿಗೆ ಒಳಬಾಡಿಗೆ ಕೊಟ್ಟಿರುವುದೂ ಉಂಟು. ಬರುವ ಆದಾಯ ಕಡಿಮೆ, ಆದ್ದರಿಂದ ಪಾಲಿಕೆ ಖರ್ಚು ಮಾಡುವುದಿಲ್ಲ. ಪಾಲಿಕೆ ಖರ್ಚು ಮಾಡುವುದಿಲ್ಲ, ಆದ್ದರಿಂದ ಬಾಡಿಗೆ ಏರಿಸಲು ಯಾರೂ ಒಪ್ಪುವುದಿಲ್ಲ. ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದಾಗಲೇ ಛಾವಣಿ ಸೋರಿತು. ವ್ಯಾಪಾರಿಗಳು ತಡೆದುಕೊಳ್ಳಬಲ್ಲಷ್ಟು ಬಾಡಿಗೆ ಏರಿಸಿ, ಏರಿಸಿದ ಅಷ್ಟೂ ಹಣ ಅದೇ ಕಟ್ಟಡದ ನಿರ್ವಹಣೆಗೆ ಮಾತ್ರ ಸಲ್ಲುವಂತೆ ಬೇರೆ ಖಾತೆಯಲ್ಲಿಡಬೇಕು. ಆ ಖಾತೆಯ ಲೆಕ್ಕ ನೋಡುವ ಸಮಿತಿಯಲ್ಲಿ ವ್ಯಾಪಾರಿಗಳೂ ಕೂರಬೇಕು. ಪಾಲಿಕೆಯ ಸಾಮಾನ್ಯ ನಿಧಿಯಲ್ಲಿ ಬೆರೆತುಹೋದ ಹಣ ತಾರಸಿಗೆ ತಲುಪುವುದಿಲ್ಲ.

ಖಾಸಗಿ ಒಡೆತನದ ಹಳೆ ಮನೆ, ಹಳೆ ಅಂಗಡಿಗಳ ಸಮಸ್ಯೆ ಬೇರೆ ಬಗೆಯದು. ಅಣ್ಣತಮ್ಮಂದಿರ ಪಾಲು, ನಡುಪೇಟೆಯ ನಿವೇಶನದ ಬೆಲೆ, ಮಕ್ಕಳೆಲ್ಲ ಹೊರದೇಶದಲ್ಲಿ. ಅವರಿಗೆ ಪಾರಂಪರಿಕ ಕಟ್ಟಡ ಎಂಬ ಹೆಸರಷ್ಟೇ ಕೊಟ್ಟರೆ ಅದು ಹೊರೆ. ಮುಂಬೈ ಇದಕ್ಕೊಂದು ದಾರಿ ಹುಡುಕಿತು. 1995ರಲ್ಲಿ ಅಲ್ಲಿ ಜಾರಿಗೆ ಬಂದ ಪಾರಂಪರಿಕ ಕಟ್ಟಡಗಳ ನಿಯಮಾವಳಿ ದೇಶದಲ್ಲೇ ಈ ಬಗೆಯ ಮೊದಲನೆಯದು. ಕಟ್ಟಡ ಉಳಿಸಿಕೊಂಡ ಮಾಲೀಕರು ಅಲ್ಲಿ ಕಟ್ಟಬಹುದಾಗಿದ್ದ ಹೆಚ್ಚುವರಿ ವಿಸ್ತೀರ್ಣದ ಹಕ್ಕನ್ನು ನಗರದ ಬೇರೆ ಭಾಗದಲ್ಲಿ ಕಟ್ಟುವವರಿಗೆ ಮಾರಬಹುದು. ಇದೇ ಟಿಡಿಆರ್. ನಮ್ಮಲ್ಲಿಯೂ ಟಿಡಿಆರ್ ಎಂಬುದು ಹೊಸದಲ್ಲ, ರಸ್ತೆ ಅಗಲ ಮಾಡಲು ಜಾಗ ಬಿಟ್ಟುಕೊಟ್ಟವರಿಗೆ ಕೊಡುತ್ತಲೇ ಬಂದಿದ್ದೇವೆ. ಕಟ್ಟಡ ಒಡೆದು ರಸ್ತೆ ಮಾಡಲು ಕೊಡುವುದನ್ನು ಕಟ್ಟಡ ಉಳಿಸಿದವರಿಗೂ ಮನಸಾರೆ ಕೊಟ್ಟರೆ ಎಷ್ಟೋ ಕುಟುಂಬಗಳು ಜೆಸಿಬಿ ಕರೆಸುವ ಮೊದಲು ಒಮ್ಮೆ ಯೋಚಿಸುತ್ತವೆ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಿಂದ ಇವಕ್ಕೆ ಏನೂ ಸಿಗುವುದಿಲ್ಲ. ಅದು ದೇವಾಲಯ, ಕೋಟೆ, ಸಮಾಧಿಗಳಂಥ ಸ್ಮಾರಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ದಿನಬೆಳಗಾದರೆ ಬಾಗಿಲು ತೆರೆದು ವ್ಯಾಪಾರ ಮಾಡುವ ಕಟ್ಟಡಕ್ಕೆ ನಗರ ಯೋಜನೆಯ ನಿಯಮಗಳಲ್ಲೇ ಜಾಗ ಬೇಕು.

ಕೊನೆಗೆ ಕೆಲಸಗಾರರ ಮಾತು. ಸುಣ್ಣದ ಗಾರೆ ಹದ ಗೊತ್ತಿರುವ ಗಾರೆಯವರು ನಮ್ಮ ಕಡೆ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಇರುವವರಲ್ಲಿ ಬಹುಪಾಲು ವಯಸ್ಸಾದವರು. ಅವರ ಮಕ್ಕಳು ಸಿಮೆಂಟ್ ಕೆಲಸಕ್ಕೆ ಹೋಗುತ್ತಾರೆ, ದಿನವೂ ಸಿಗುವುದು ಅದೇ ಆದ್ದರಿಂದ. ಲ್ಯಾನ್ಸ್‌ಡೌನ್ ಮತ್ತು ದೇವರಾಜ ಮಾರುಕಟ್ಟೆಯ ದುರಸ್ತಿಯನ್ನು ಅಂಕಣ ಅಂಕಣವಾಗಿ ಐದಾರು ವರ್ಷದ ಕೆಲಸವಾಗಿ ಹಮ್ಮಿಕೊಂಡರೆ, ಪ್ರತಿ ಹಳೆಯ ಗಾರೆಯವರ ಕೈಕೆಳಗೆ ಇಬ್ಬರು ಮೂವರು ಹುಡುಗ ಹುಡುಗಿಯರನ್ನು ಸಂಬಳ ಕೊಟ್ಟು ಕಲಿಯಲು ಬಿಡಬಹುದು. ಮೈಸೂರಿನಲ್ಲಿ ಮುಂದೆ ದುರಸ್ತಿಗೆ ಕಾದಿರುವ ಕಟ್ಟಡಗಳಿಗೆ ಕೊರತೆಯಿಲ್ಲ. ಕಲಿತವರಿಗೆ ಕೆಲಸ ಇದ್ದೇ ಇರುತ್ತದೆ.

ಅದಕ್ಕೆ ಮುಂಚೆ ಪಾಲಿಕೆ ಮಾಡಬೇಕಾದ ಕೆಲಸವೊಂದಿದೆ. ಕೆಡವಿ ಕಟ್ಟುವ ಅಂದಾಜು ವೆಚ್ಚ, ದುರಸ್ತಿಯ ಅಂದಾಜು ವೆಚ್ಚ, ಎರಡನ್ನೂ ಅಂಕಣವಾರು ವಿವರದೊಂದಿಗೆ ಕನ್ನಡದಲ್ಲಿ ಅಚ್ಚುಹಾಕಿ ಮಾರುಕಟ್ಟೆಯ ಬಾಗಿಲಿಗೇ ಅಂಟಿಸಲಿ. ವ್ಯಾಪಾರಿಗಳ ಪುನರ್ವಸತಿಗೆ ಎಷ್ಟು, ಎಷ್ಟು ವರ್ಷಕ್ಕೆ, ಹೊಸ ಮಳಿಗೆಯ ಬಾಡಿಗೆ ಎಷ್ಟು ಎಂಬುದೂ ಅದರಲ್ಲಿರಲಿ. ತೀರ್ಮಾನ ಏನೇ ಆಗಲಿ, ಅದು ಆಗುವವರೆಗೂ ಮಳೆ ಬರುತ್ತಲೇ ಇರುತ್ತದೆ. ಹಾಗಾಗಿ ಮುಂದಿನ ಮುಂಗಾರಿಗೆ ಮುಂಚೆ ತಾರಸಿಯ ಕಸ ತೆಗೆಸಿ, ದೋಣಿ ಬಿಡಿಸಿ, ಅರಳಿ ಸಸಿ ಕೀಳಿಸಿ, ಬಿದ್ದ ಭಾಗದ ಬಾಯಿಗೆ ಟಾರ್ಪಾಲಿನ ಬದಲು ತಗಡಿನ ಮಾಡು ಹೊದಿಸಲಿ. ಇದಕ್ಕೆ ಯಾವ ಸಮಿತಿಯ ವರದಿಯೂ ಬೇಡ, ಒಬ್ಬ ಮೇಸ್ತ್ರಿ ಮತ್ತು ಏಪ್ರಿಲ್ ತಿಂಗಳು ಸಾಕು.